ಸಿಡ್ನಿಗೆ ಹೊಗೆ ಬಂದರೆ ಮಗು, ಅತ್ತೆಯನ್ನು ಕರೆದುಕೊಂಡು ಎಲ್ಲಿಗೆ ಹೋಗೋದು?

ಪ್ರಶ್ನೆ: ಡಾಕ್ಟರೇ, ನಾವು ಸಿಡ್ನಿಯ ವೆಂಟ್‌ವರ್ತ್‌ವಿಲ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. 2019ರಲ್ಲಿ ಇಲ್ಲಿಗೆ ಬಂದ ಹೊಸತರಲ್ಲೇ ಕಾಡ್ಗಿಚ್ಚಿನ ಹೊಗೆ ನೋಡಿದೆವು. ಅದು ಇನ್ನೂ ಮರೆತಿಲ್ಲ. ಆಗ ಮಗಳು ಹುಟ್ಟಿರಲಿಲ್ಲ. ಈಗ ಅವಳಿಗೆ ಐದು ವರ್ಷ, ಆಸ್ತಮಾ ಇದೆ. ಈ ಬೇಸಿಗೆಗೆ (ಇಲ್ಲಿ ಡಿಸೆಂಬರ್‌ನಿಂದ ಫೆಬ್ರುವರಿ) ದಾವಣಗೆರೆಯಿಂದ ಅತ್ತೆ ಬರುತ್ತಿದ್ದಾರೆ. ಅವರಿಗೆ 68 ವರ್ಷ, ಬಿಪಿ ಇದೆ, ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಮತ್ತೆ ಹಾಗೆ ಹೊಗೆ ಬಂದರೆ ನಾಲ್ಕು ದಿನ ಎಲ್ಲಾದರೂ ಹೋಗಿ ಇರೋಣ ಅಂತ ನಮ್ಮ ಯೋಚನೆ. ಸಮುದ್ರದ ಕಡೆ ಈಗಲೇ ಒಂದು ಮನೆ ಬುಕ್ ಮಾಡಿಬಿಡೋಣ ಅಂತಾರೆ ನಮ್ಮ ಯಜಮಾನರು. ಅತ್ತೆಗೆ ಹೆಲೆನ್ಸ್‌ಬರ್ಗ್ ವೆಂಕಟೇಶ್ವರ ದೇವಸ್ಥಾನ ನೋಡುವ ಆಸೆ. ಆ ಕಡೆಯೇ ಎರಡು ದಿನ ಇದ್ದರೆ ಆಗಲ್ವಾ? ಯಾವ ಜಾಗ ಒಳ್ಳೆಯದು, ಹೇಳಿ. ದುಡ್ಡು ಜಾಸ್ತಿ ಖರ್ಚು ಮಾಡುವ ಸ್ಥಿತಿಯಲ್ಲಿ ನಾವಿಲ್ಲ.

ಉತ್ತರ:

ಮೊದಲು ಒಂದು ಮಾತು. ಈಗಲೇ ಮನೆ ಬುಕ್ ಮಾಡಬೇಡಿ. ಮಾಡಲೇಬೇಕು ಅಂದರೆ ಹಿಂದಿನ ದಿನದವರೆಗೂ ರದ್ದು ಮಾಡಿ ದುಡ್ಡು ವಾಪಸ್ ಪಡೆಯುವ ಹಾಗಿದ್ದರೆ ಮಾತ್ರ ಮಾಡಿ. ಹೊಗೆ ಬಂದಾಗ ಯಾವ ಊರು ಒಳ್ಳೆಯದು ಅನ್ನೋದು ಆ ವಾರದ ಗಾಳಿಯ ಮೇಲೆ ನಿಂತಿರುತ್ತದೆ. ತಿಂಗಳು ಮೊದಲೇ ಅದನ್ನು ಹೇಳಲು ಯಾರಿಗೂ ಆಗೋದಿಲ್ಲ. ನಾನು ಶ್ವಾಸಕೋಶದ ವೈದ್ಯ ವೃತ್ತಿಯಲ್ಲಿದ್ದೇನೆ, ಸಿಡ್ನಿಯಲ್ಲೇ ಹದಿನೆಂಟು ವರ್ಷ ಆಯಿತು. ಆದರೂ ಈ ಮಾತನ್ನು ನಾನು ಕಲಿತದ್ದು ಆಸ್ಪತ್ರೆಯಲ್ಲಲ್ಲ. ನಿಮ್ಮ ಯಜಮಾನರು ಈಗ ಯೋಚಿಸುತ್ತಿರುವ ಹಾಗೇ ನಾವೂ 2019ರಲ್ಲಿ ಯೋಚಿಸಿದ್ದೆವು.

ಆ ಡಿಸೆಂಬರ್ 10ನೇ ತಾರೀಕು ನಿಮಗೂ ನೆನಪಿರಬೇಕು. ನಗರದ ಕೆಲವು ಕಡೆ ಗಾಳಿಯ ಸೂಚ್ಯಂಕ 'ಅಪಾಯಕಾರಿ' ಅನ್ನುವ ಮಟ್ಟದ 11 ಪಟ್ಟು ದಾಟಿತ್ತು. ಫೆರಿಗಳು ನಿಂತವು. ಕಚೇರಿ ಕಟ್ಟಡಗಳಲ್ಲಿ ಬೆಂಕಿಯ ಅಲಾರಂ ಹೊಡೆದುಕೊಂಡವು. ವೊಲೆಮೈ ಕಾಡಿನಲ್ಲಿ ಅಕ್ಟೋಬರ್ ಕೊನೆಯಲ್ಲಿ ಸಿಡಿಲಿನಿಂದ ಹತ್ತಿಕೊಂಡ ಗಾಸ್ಪರ್ಸ್ ಮೌಂಟನ್ ಬೆಂಕಿ ಇನ್ನೂ ಉರಿಯುತ್ತಲೇ ಇತ್ತು. ಅದೊಂದೇ ಬೆಂಕಿ ಕೊನೆಗೆ 5 ಲಕ್ಷ ಹೆಕ್ಟೇರ್‌ಗಿಂತ ಜಾಸ್ತಿ ಕಾಡು ಸುಟ್ಟಿತು. ತಿಂಗಳುಗಟ್ಟಲೆ ಹೊಗೆ ಕುಡಿದು ಸಾಕಾಗಿತ್ತು. ಕ್ರಿಸ್‌ಮಸ್ ಮುಗಿದ ಮೇಲೆ ನಾಲ್ಕು ದಿನ ಒಳ್ಳೆ ಗಾಳಿ ಕುಡಿದು ಬರೋಣ ಅಂತ ದಕ್ಷಿಣ ಕರಾವಳಿಗೆ ಹೊರಟೆವು. ಬೇಟ್‌ಮನ್ಸ್ ಬೇ ಹತ್ತಿರ ಒಂದು ಸಣ್ಣ ಊರು. ಕಡಲಿಗೆ ಐದು ನಿಮಿಷದ ನಡಿಗೆ.

ಡಿಸೆಂಬರ್ 31ರ ಬೆಳಿಗ್ಗೆ ಎದ್ದಾಗ ಕಿಟಕಿಯ ಆಚೆ ಕೆಂಪಾಗಿತ್ತು. ಸ್ವಲ್ಪ ಹೊತ್ತಿಗೆ ಆ ಕೆಂಪೂ ಹೋಗಿ ಕತ್ತಲಾಯಿತು. ಗಂಟೆ ಇನ್ನೂ ಹತ್ತಾಗಿರಲಿಲ್ಲ. ಅಂಗಳದಲ್ಲಿ ಒಣಗಲು ಹಾಕಿದ್ದ ಟವೆಲ್ ಮೇಲೆ ನೀಲಗಿರಿ ಎಲೆಗಳು ಬಿದ್ದಿದ್ದವು. ಪೂರ್ತಿ ಕರಿ, ಆದರೆ ಎಲೆಯ ಆಕಾರ, ನರಗಳು ಎಲ್ಲಾ ಹಾಗೇ ಇದ್ದವು. ಮಗ ಬೆರಳಲ್ಲಿ ಮುಟ್ಟಿದ, ಪುಡಿಯಾಯಿತು. ಕರೆಂಟ್ ಹೋಯಿತು, ಆಮೇಲೆ ಫೋನ್ ಸಿಗ್ನಲ್ ಹೋಯಿತು. ಅಂಗಡಿಯಲ್ಲಿ ಕಾರ್ಡ್ ನಡೆಯುತ್ತಿರಲಿಲ್ಲ, ನೋಟು ಮಾತ್ರ. ನನ್ನ ಪರ್ಸ್‌ನಲ್ಲಿದ್ದದ್ದು 35 ಡಾಲರ್. ಪೆಟ್ರೋಲ್ ಬಂಕ್ ಮುಂದೆ ಕಣ್ಣಿಗೆ ಕಾಣುವಷ್ಟು ದೂರ ಕಾರುಗಳ ಸಾಲು. ಉತ್ತರಕ್ಕೂ ದಕ್ಷಿಣಕ್ಕೂ ಇರುವುದು ಪ್ರಿನ್ಸಸ್ ಹೈವೇ ಒಂದೇ, ಅದನ್ನು ಮುಚ್ಚಿದ್ದರು. ಕ್ಯಾನ್‌ಬೆರಾಗೆ ಹತ್ತುವ ಘಾಟಿ ರಸ್ತೆಯೂ ಬಂದ್.

ನಿರಾಶ್ರಿತರಿಗಾಗಿ ತೆರೆದಿದ್ದ ಕೇಂದ್ರದಲ್ಲಿ ಅವತ್ತು ರಾತ್ರಿ ಒಬ್ಬ ಸಣ್ಣ ಹುಡುಗನಿಗೆ ಉಬ್ಬಸ ಶುರುವಾಯಿತು. ಪಫರ್ (ಉಬ್ಬಸದ ಇನ್‌ಹೇಲರ್) ಇತ್ತು, ಅದರ ಔಷಧ ಮಗು ನಿಧಾನವಾಗಿ ಎಳೆದುಕೊಳ್ಳಲು ಬೇಕಾದ ಸ್ಪೇಸರ್ ಎಂಬ ಕೊಳವೆಯನ್ನು ಮನೆಯಲ್ಲಿ ಬಿಟ್ಟು ಬಂದಿದ್ದರು. ಅರ್ಧ ಲೀಟರ್ ನೀರಿನ ಬಾಟಲಿಯ ತಳಕ್ಕೆ ತೂತು ಮಾಡಿ, ಅದಕ್ಕೆ ಪಫರ್ ಸಿಕ್ಕಿಸಿ, ಬಾಟಲಿಯ ಬಾಯಿ ಹುಡುಗನ ಬಾಯಿಗೆ ಕೊಟ್ಟೆವು. ಕೆಲಸ ಮಾಡಿತು. ಆದರೆ ಅವನ ತಾಯಿಯ ಮುಖ ನನಗೆ ಈಗಲೂ ಕಣ್ಣೆದುರಿಗಿದೆ. ಹೊಗೆ ತಪ್ಪಿಸಲು ಅಂತಲೇ ಮಗನನ್ನು ಅಲ್ಲಿಗೆ ಕರೆತಂದಿದ್ದರು ಅವರು.

ಅದೇ ದಿನ ಗಡಿಯಾಚೆ ವಿಕ್ಟೋರಿಯಾ ರಾಜ್ಯದ ಮಲ್ಲಕೂಟದಲ್ಲಿ ಸುಮಾರು 4,000 ಜನ ಬೀಚಿನಲ್ಲಿ ಸಿಕ್ಕಿಬಿದ್ದಿದ್ದರು. ಆಮೇಲೆ ನೌಕಾಪಡೆಯ ಹಡಗು ಬಂದು ಸಾವಿರಕ್ಕೂ ಜಾಸ್ತಿ ಜನರನ್ನು ಕರೆದೊಯ್ದಿತು. ಜನವರಿ 2ರಂದು ಬೇಟ್‌ಮನ್ಸ್ ಬೇಯಿಂದ ವಿಕ್ಟೋರಿಯಾ ಗಡಿಯವರೆಗೆ ಇರುವ ಪ್ರವಾಸಿಗರೆಲ್ಲ ಹೊರಡಬೇಕು ಅಂತ ಆದೇಶ ಬಂತು. ಸಮುದ್ರ ಹತ್ತಿರ ಇದ್ದರೆ ಸಾಕು ಅನ್ನೋ ನಂಬಿಕೆ ನನಗೆ ಅಲ್ಲಿಗೇ ಮುಗಿಯಿತು. ನ್ಯೂ ಸೌತ್ ವೇಲ್ಸ್‌ನ ಕರಾವಳಿಯ ಸುಂದರ ಊರುಗಳಲ್ಲಿ ಬಹಳಷ್ಟು ಊರುಗಳಿಗೆ ಮುಂದೆ ಕಡಲು, ಹಿಂದೆ ಕಾಡು, ನಡುವೆ ಒಂದೇ ರಸ್ತೆ.

ಈಗ ಗಾಳಿಯ ವಿಷಯ. ಇದು ತಿಳಿದರೆ ಅರ್ಧ ಕೆಲಸ ಆದಂತೆ.

ಸಿಡ್ನಿ ಒಂದು ಬೋಗುಣಿ ಇದ್ದ ಹಾಗೆ. ಪೂರ್ವಕ್ಕೆ ಕಡಲು, ಪಶ್ಚಿಮಕ್ಕೆ ಬ್ಲೂ ಮೌಂಟನ್ಸ್, ಉತ್ತರ ದಕ್ಷಿಣಕ್ಕೂ ಎತ್ತರದ ಕಾಡು ನೆಲ. ನಿಮ್ಮ ವೆಂಟ್‌ವರ್ತ್‌ವಿಲ್, ಬ್ಲ್ಯಾಕ್‌ಟೌನ್, ಪೆನ್ರಿತ್ ಎಲ್ಲಾ ಬೋಗುಣಿಯ ಒಳಗೆ ಬರುತ್ತವೆ. ಪಶ್ಚಿಮದಿಂದ ಗಾಳಿ ಬೀಸಿದರೆ ಬೆಟ್ಟದ ಹೊಗೆ ನೇರ ನಿಮ್ಮ ಮೇಲೆ. ರಾತ್ರಿ ನೆಲ ತಣ್ಣಗಾದಾಗ ತಂಪು ಗಾಳಿ ಕಣಿವೆಗಳಿಂದ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಅದರ ಮೇಲೆ ಬಿಸಿ ಗಾಳಿ ಮುಚ್ಚಳದ ಹಾಗೆ ಕೂರುತ್ತದೆ. ಅದಕ್ಕೇ ಬೆಳಗಿನ ಜಾವ ಹೊಗೆ ದಟ್ಟ. ಬಿಸಿಲೇರಿದ ಮೇಲೆ ಸ್ವಲ್ಪ ಮೇಲಕ್ಕೇಳುತ್ತದೆ. ಮಧ್ಯಾಹ್ನ ಕಡಲಗಾಳಿ ಬರುತ್ತದೆ ನಿಜ, ಆದರೆ ಅದು ಮೊದಲು ಸಿಗುವುದು ಕಡಲ ಹತ್ತಿರದ ರಾಂಡ್ವಿಕ್‌ನವರಿಗೆ. ನಿಮ್ಮ ಕಡೆ ಬರುವಾಗ ಸಂಜೆ ಆಗಿರುತ್ತದೆ. ಕೆಲವು ಸಲ ಕಡಲ ಮೇಲೆ ಹೋಗಿದ್ದ ಹೊಗೆಯನ್ನೇ ವಾಪಸ್ ತರುತ್ತದೆ ಅದು.

ಸಿಡ್ನಿಯನ್ನು ನಿಜವಾಗಿ ತೊಳೆಯುವುದು ದಕ್ಷಿಣದ ಗಾಳಿ, ಇಲ್ಲಿಯವರು ಸದರ್ಲಿ ಅನ್ನುತ್ತಾರಲ್ಲ, ಅದು. ಬಂದ ಕೆಲವೇ ನಿಮಿಷದಲ್ಲಿ ಸೆಕೆ ಇಳಿಯುತ್ತದೆ, ಆಕಾಶ ಕಾಣುತ್ತದೆ. ಆದರೆ ಇಲ್ಲೊಂದು ಎಚ್ಚರ ಬೇಕು. ನಗರಕ್ಕೆ ಒಳ್ಳೆಯದು ಮಾಡುವ ಈ ಗಾಳಿಯೇ ಕಾಡಿನಲ್ಲಿ ಬೆಂಕಿಯ ದಿಕ್ಕು ತಿರುಗಿಸುತ್ತದೆ. ಪೂರ್ವಕ್ಕೆ ಉದ್ದಕ್ಕೆ ಹರಿಯುತ್ತಿದ್ದ ಬೆಂಕಿಯ ಪೂರ್ತಿ ಪಕ್ಕ, ಗಾಳಿ ತಿರುಗಿದ ತಕ್ಷಣ ಉತ್ತರಕ್ಕೆ ಮುಖ ಮಾಡುತ್ತದೆ. ಹಾಗಾಗಿ ಸಂಜೆ ಸದರ್ಲಿ ಬರುತ್ತದೆ ಅಂತ ಮುನ್ಸೂಚನೆ ಇರುವ ದಿನ ಕಾಡಿನ ರಸ್ತೆಯಲ್ಲಿ ಪ್ರಯಾಣ ಬೇಡವೇ ಬೇಡ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಕಾಯಿರಿ. ಎಷ್ಟೋ ಸಲ ಆ ಒಂದು ದಿನ ಕಾದರೆ ಪ್ರವಾಸದ ಅಗತ್ಯವೇ ಇರೋದಿಲ್ಲ.

ಹಾಗಾದರೆ ಯಾವಾಗ ಹೊರಡಬೇಕು? ರಾಜ್ಯ ಸರ್ಕಾರದ ಗಾಳಿ ಗುಣಮಟ್ಟದ ಜಾಲತಾಣದಲ್ಲಿ ಗಂಟೆ ಗಂಟೆಗೂ ಪಿಎಂ 2.5 ಅಂಕಿ ಬರುತ್ತದೆ. ನಿಮಗೆ ಹತ್ತಿರದ ಕೇಂದ್ರಗಳು ಪ್ರಾಸ್ಪೆಕ್ಟ್ ಮತ್ತು ಪ್ಯಾರಮಾಟಾ ನಾರ್ತ್. ಪಿಎಂ 2.5 ಅಂದರೆ ನಮ್ಮ ತಲೆಕೂದಲಿನ ದಪ್ಪದ ಮೂವತ್ತನೇ ಒಂದು ಪಾಲಿನಷ್ಟು ಅಥವಾ ಅದಕ್ಕೂ ಸಣ್ಣ ಕಣ. ಮೂಗು, ಗಂಟಲು ಇದನ್ನು ತಡೆಯಲಾರವು. ಶ್ವಾಸಕೋಶದ ಕೊನೆಯ ಚೀಲದವರೆಗೂ ಹೋಗುತ್ತದೆ. ಗಂಟೆಯ ಅಂಕಿ 25ರ ಒಳಗಿದ್ದರೆ ಚಿಂತೆಯಿಲ್ಲ. 50 ದಾಟಿದರೆ 'ಪೂರ್', 100 ದಾಟಿದರೆ 'ವೆರಿ ಪೂರ್', 300 ದಾಟಿದರೆ 'ಎಕ್ಸ್‌ಟ್ರೀಮ್ಲಿ ಪೂರ್' ಅಂತ ತೋರಿಸುತ್ತದೆ.

ಆಸ್ತಮಾ ಇರುವ ಮಗು ಇರುವ ಮನೆಯವರಿಗೆ ನಾನು ಹೇಳುವುದು ಇಷ್ಟು. 50 ದಾಟಿದರೆ ಹೊರಗೆ ಆಟ ಬೇಡ, ಕಿಟಕಿ ಮುಚ್ಚಿ. 100ರ ಮೇಲೆ ಹೋಗಿ, ಇನ್ನೂ ಎರಡು ಮೂರು ದಿನ ಗಾಳಿ ತಿರುಗುವ ಲಕ್ಷಣ ಇಲ್ಲ, ಮನೆಯೊಳಗೂ ಹೊಗೆ ವಾಸನೆ, ಮಗು ರಾತ್ರಿ ಕೆಮ್ಮಿ ಏಳುತ್ತಿದೆ ಅಂದರೆ ಆಗ ಊರು ಬಿಡುವ ಯೋಚನೆ ಮಾಡಿ. ಮಗುವಿಗೆ ಉಬ್ಬಸ ಜೋರಾಗಿದ್ದರೆ ಮಾತ್ರ ಪ್ರಯಾಣ ಬೇಡ. ಆಗ ಹೋಗಬೇಕಾದ್ದು ಡಾಕ್ಟರ ಬಳಿಗೆ. ಮಾತಾಡಲು ಉಸಿರು ಸಾಲುತ್ತಿಲ್ಲ, ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಸೆಳೆಯುತ್ತಿದೆ ಅಂದರೆ ಇಲ್ಲಿನ ತುರ್ತು ಸಂಖ್ಯೆ 000ಗೆ ಫೋನ್ ಮಾಡಿ.

ಊರು ಬಿಡುವ ಮೊದಲು ಅರ್ಧ ದಿನದ ಉಪಾಯ ಒಂದಿದೆ. ಇದನ್ನು ಜನ ಕಡೆಗಣಿಸುತ್ತಾರೆ, ನನಗೆ ಅದೇ ಬೇಸರ. ದೊಡ್ಡ ಕಟ್ಟಡಗಳ ಏಸಿಯಲ್ಲಿ ನಮ್ಮ ಮನೆಯಲ್ಲಿರುವುದಕ್ಕಿಂತ ಒಳ್ಳೆ ಫಿಲ್ಟರ್ ಇರುತ್ತದೆ. ಪ್ಯಾರಮಾಟಾದ ಲೈಬ್ರರಿ, ದೊಡ್ಡ ಮಾಲ್, ಸಿನಿಮಾ ಮಂದಿರ, ಮ್ಯೂಸಿಯಂ. ಬೆಳಿಗ್ಗೆ ಹೊಗೆ ದಟ್ಟ ಇರುವಾಗ ನಾಲ್ಕೈದು ಗಂಟೆ ಅಲ್ಲಿ ಕಳೆದರೂ ಮಗುವಿನ ಎದೆಗೆ ವಿಶ್ರಾಂತಿ. ಲೈಬ್ರರಿಗೆ ದುಡ್ಡೂ ಇಲ್ಲ. ಒಳಗೆ ಹೋದ ಮೇಲೆ ಅಲ್ಲೂ ಹೊಗೆ ವಾಸನೆ ಇದೆಯಾ ನೋಡಿ. ಇದ್ದರೆ ಬೇರೆ ಕಟ್ಟಡ ನೋಡಿ. 2019ರಲ್ಲಿ ಕೆಲವು ದಿನ ದೊಡ್ಡ ಕಟ್ಟಡಗಳ ಒಳಗೂ ಹೊಗೆ ಬಂದಿತ್ತು.

ಮನೆಯಲ್ಲೂ ಒಂದು ಕೋಣೆಯನ್ನು ಸಿದ್ಧ ಮಾಡಿಟ್ಟುಕೊಳ್ಳಿ. ನಾಲ್ಕು ದಿನದ ಪ್ರವಾಸಕ್ಕೆ ಕೊಡುವ ದುಡ್ಡಿನಲ್ಲಿ ಒಂದು ಒಳ್ಳೆ ಹೆಪಾ (ತೀರಾ ಸಣ್ಣ ಕಣ ಹಿಡಿಯುವ) ಫಿಲ್ಟರ್ ಇರುವ ಏರ್ ಪ್ಯೂರಿಫೈಯರ್ ಬರುತ್ತದೆ, ಅದು ವರ್ಷಗಟ್ಟಲೆ ಇರುತ್ತದೆ. ಕೊಳ್ಳುವಾಗ ಡಬ್ಬಿಯ ಮೇಲೆ ಸಿಎಡಿಆರ್ ಅಂಕಿ, ಅಂದರೆ ಗಂಟೆಗೆ ಎಷ್ಟು ಗಾಳಿ ಸೋಸಿ ಕೊಡುತ್ತದೆ ಅನ್ನುವುದನ್ನು ನೋಡಿ. ಕೋಣೆಯ ಗಾಳಿ ಗಂಟೆಗೆ ಐದು ಸಲ ಸೋಸಬೇಕು ಅಂತ ಲೆಕ್ಕ ಇಟ್ಟುಕೊಳ್ಳಿ. 12 ಚದರ ಮೀಟರ್ ಕೋಣೆ, 2.4 ಮೀಟರ್ ಎತ್ತರ ಅಂದರೆ ಸುಮಾರು 29 ಘನ ಮೀಟರ್ ಗಾಳಿ. ಐದರಿಂದ ಗುಣಿಸಿ. ಗಂಟೆಗೆ 145 ಘನ ಮೀಟರ್ ಆದರೂ ಬೇಕು. ಹೊಗೆ ಶುರುವಾದ ದಿನ ಅಂಗಡಿಗೆ ಓಡಿದರೆ ಸಿಗೋದಿಲ್ಲ. ನವೆಂಬರ್ ಒಳಗೆ ತಂದಿಡಿ. ಸ್ಪ್ಲಿಟ್ ಏಸಿ ಹಾಕಬಹುದು, ಅದು ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ. ಬಾಗಿಲ ಕೆಳಗಿನ ಸಂದಿಗೆ ಒದ್ದೆ ಟವೆಲ್ ಇಡಿ.

ಅತ್ತೆಯವರ ಹತ್ತಿರ ಇದನ್ನು ನಿಧಾನವಾಗಿ ಹೇಳಬೇಕಾಗುತ್ತದೆ: ಆ ದಿನಗಳಲ್ಲಿ ದೇವರ ಮುಂದೆ ಊದುಬತ್ತಿ, ಸಾಂಬ್ರಾಣಿ, ಕರ್ಪೂರ ಬೇಡ. ಹೂವಿಟ್ಟು ಕೈ ಮುಗಿದರೆ ಸಾಕು. ಕಿಟಕಿ ಮುಚ್ಚಿದ ಮನೆಯಲ್ಲಿ ಒಂದು ಊದುಬತ್ತಿ ಕೂಡ ಪಿಎಂ 2.5 ಅಂಕಿಯನ್ನು ಜಿಗಿಸಿಬಿಡುತ್ತದೆ. ಒಗ್ಗರಣೆಯೂ ಹಾಗೇ. ಮೆಣಸಿನಕಾಯಿ ಸೀದ ಘಾಟಿಗೆ ಆರೋಗ್ಯವಂತರೇ ಕೆಮ್ಮುತ್ತಾರೆ, ಅಲ್ವಾ? ಆ ಎರಡು ಮೂರು ದಿನ ಮೊಸರನ್ನ, ಇಡ್ಲಿ, ಬೇಯಿಸಿದ್ದು ತಿನ್ನಿ. ಅರಿಶಿನ ಹಾಲು, ಕಷಾಯ ಕುಡಿಯಲಿ, ಗಂಟಲಿಗೆ ಹಿತ. ಅದರಿಂದ ಶ್ವಾಸಕೋಶದ ಕಣ ಹೊರಗೆ ಬರುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡಿ. ಮಗುವಿಗೆ ಬಿಸಿನೀರಿನ ಹಬೆ ಬೇಡ. ನೀರು ಚೆಲ್ಲಿ ಸುಟ್ಟುಕೊಂಡ ಮಕ್ಕಳನ್ನು ನಾನು ನೋಡಿದ್ದೇನೆ.

ಇಷ್ಟೆಲ್ಲ ಮಾಡಿಯೂ ಆಗುತ್ತಿಲ್ಲ ಅಂದಾಗ ಊರು ಬಿಡುವ ಮಾತು.

ಜಾಗ ಆರಿಸುವುದನ್ನು ಹೊರಡುವ ಹಿಂದಿನ ಸಂಜೆಗೆ ಇಡಿ. ನಕ್ಷೆ ತೆರೆದು ನೋಡಿ: ಬೆಂಕಿ ಎಲ್ಲಿದೆ, ಗಾಳಿ ಎತ್ತ ಬೀಸುತ್ತಿದೆ, ನಾಳೆ ನಾಡಿದ್ದು ಎತ್ತ ತಿರುಗುತ್ತದೆ. ಬೆಂಕಿಗೆ 'ಹಜಾರ್ಡ್ಸ್ ನಿಯರ್ ಮಿ' ಆ್ಯಪ್, ಗಾಳಿಗೆ ಹವಾಮಾನ ಇಲಾಖೆಯ ಮುನ್ಸೂಚನೆ, ರಸ್ತೆಗೆ 'ಲೈವ್ ಟ್ರಾಫಿಕ್'. ಆಮೇಲೆ ಆ ಊರಿನ ಗಾಳಿ ಕೇಂದ್ರದ ಕಳೆದ 24 ಗಂಟೆಯ ಅಂಕಿ ನೋಡಿ. ಈಗಿನ ಒಂದು ಗಂಟೆಯ ಅಂಕಿ ನೋಡಿ ಹೊರಡಬೇಡಿ. ಮಧ್ಯಾಹ್ನ 20 ಇದ್ದ ಊರು ಬೆಳಗಿನ ಜಾವ 150 ಆಗಿರಬಹುದು. ಅಲ್ಲಿ ಮಲಗುವವರು ನೀವಲ್ವಾ?

ನಿಮ್ಮ ಮನೆಗೆ ನಾನು ಇಡುವ ಷರತ್ತು ಮೂರು. ಊರಿನಿಂದ ಹೊರಬರಲು ಎರಡು ರಸ್ತೆ ಇರಬೇಕು. ದೊಡ್ಡ ಆಸ್ಪತ್ರೆ ಅರ್ಧ ಗಂಟೆಯೊಳಗೆ ಸಿಗಬೇಕು. ಉಳಿಯುವ ಜಾಗ ಊರಿನ ನಡುವೆ ಇರಬೇಕು, ಮರಗಳ ಮಧ್ಯೆ ಅಲ್ಲ. ಕಾಡಿನ ಕಾಟೇಜ್ ಫೋಟೋದಲ್ಲಿ ಚೆಂದ. ಈ ನೀಲಗಿರಿ ಮರ ನಮ್ಮ ಕಡೆಗೂ ಇಲ್ಲಿಂದಲೇ ಬಂದದ್ದು. ಅದರ ಎಲೆಯ ಎಣ್ಣೆ ಹೇಗೆ ಉರಿಯುತ್ತದೆ ಅಂತ ಒಲೆಗೆ ಒಣ ಎಲೆ ಹಾಕಿದವರಿಗೆಲ್ಲ ಗೊತ್ತು. ಅತ್ತೆಯವರನ್ನೇ ಕೇಳಿ ನೋಡಿ.

ಈ ಷರತ್ತಿಗೆ ಹೊಂದುವ ಊರುಗಳಲ್ಲಿ ನಿಮ್ಮ ಖರ್ಚಿಗೆ ನಾನು ಮೊದಲು ನೋಡುವುದು ನ್ಯೂಕಾಸಲ್. ಸಿಡ್ನಿಯಿಂದ ಸುಮಾರು 160 ಕಿಲೋಮೀಟರ್. ರೈಲೂ ಇದೆ. ದೊಡ್ಡ ಊರು, ಕಡಲ ಪಕ್ಕದಲ್ಲೇ ಊರಿನ ಮಧ್ಯಭಾಗ, ಜಾನ್ ಹಂಟರ್ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗವೂ ಇದೆ. ತೊಡಕು ದಾರಿಯಲ್ಲಿದೆ. ಹಾಕ್ಸ್‌ಬರಿ ನದಿ ದಾಟಿ ಹೋಗುವ ಹೆದ್ದಾರಿ, ರೈಲು ಎರಡೂ ಕಾಡಿನ ನಡುವೆ ಹೋಗುತ್ತವೆ. ಆ ಭಾಗದಲ್ಲಿ ಬೆಂಕಿ ಇದ್ದರೆ ನ್ಯೂಕಾಸಲ್ ಬಿಟ್ಟುಬಿಡಿ.

ವೊಲೊಂಗಾಂಗ್ ಇನ್ನೂ ಹತ್ತಿರ, ಸುಮಾರು 80 ಕಿಲೋಮೀಟರ್. ಬೆಂಕಿ ಉತ್ತರದಲ್ಲೋ ವಾಯವ್ಯದಲ್ಲೋ ಇದ್ದು ಗಾಳಿ ದಕ್ಷಿಣದಿಂದ ಬರುತ್ತಿದ್ದರೆ ಅಲ್ಲಿ ಚೆನ್ನಾಗಿರುತ್ತದೆ. ಪಶ್ಚಿಮದ ಗಾಳಿ ಇದ್ದರೆ ಸಿಡ್ನಿಗೂ ಅದಕ್ಕೂ ವ್ಯತ್ಯಾಸ ಕಡಿಮೆ. ಸುಮ್ನೆ ಪೆಟ್ರೋಲ್ ದಂಡ.

ಇನ್ನು ಯಾರೂ ಯೋಚಿಸದ ದಿಕ್ಕು ಪಶ್ಚಿಮ. ಬೆಂಕಿ ಬ್ಲೂ ಮೌಂಟನ್ಸ್‌ನಲ್ಲಿದ್ದು ಪಶ್ಚಿಮದ ಗಾಳಿ ಬೀಸುತ್ತಿದ್ದರೆ ಹೊಗೆ ಪೂರ್ವಕ್ಕೆ ಬರುತ್ತದೆ. ಆಗ ಬೆಟ್ಟದ ಆಚೆ ಇರುವ ಆರೆಂಜ್ ಊರಿನಲ್ಲಿ ಆಕಾಶ ನೀಲಿ ಇರಬಹುದು. ಸುಮಾರು 250 ಕಿಲೋಮೀಟರ್, ಎತ್ತರದ ಊರು, ಆಸ್ಪತ್ರೆಯೂ ಇದೆ. ಆದರೆ ಅಲ್ಲಿಗೆ ಹೋಗಲು ಆ ಬೆಟ್ಟವನ್ನೇ ದಾಟಬೇಕು. ಇರುವ ಎರಡು ರಸ್ತೆಗಳಾದ ಗ್ರೇಟ್ ವೆಸ್ಟರ್ನ್ ಹೈವೇ ಮತ್ತು ಬೆಲ್ಸ್ ಲೈನ್ ಆಫ್ ರೋಡ್ ಬೆಂಕಿ ಬಂದಾಗ ಮುಚ್ಚುತ್ತವೆ. 2019ರ ಡಿಸೆಂಬರ್‌ನಲ್ಲಿ ಬೆಂಕಿ ಲಿತ್‌ಗೋ ಊರಿಗೇ ನುಗ್ಗಿತ್ತು. ಬೆಂಕಿ ದೂರ ಇದ್ದು ಹೊಗೆ ಮಾತ್ರ ಬರುತ್ತಿದ್ದರೆ ಸರಿ, ಬೆಟ್ಟದಲ್ಲೇ ಬೆಂಕಿ ಇದ್ದರೆ ಆ ದಾರಿ ಬೇಡ. ಒಳನಾಡಿನ ಊರುಗಳಲ್ಲಿ ರೂಮ್ ಬುಕ್ ಮಾಡುವಾಗ ಇನ್ನೊಂದು ಕೇಳಿ: ಯಾವ ತರಹದ ಕೂಲರ್? ಆ ಕಡೆ ನೀರಿನ ಕೂಲರ್ ಜಾಸ್ತಿ. ಅದು ಹೊರಗಿನ ಗಾಳಿಯನ್ನೇ ಎಳೆದು ಒಳಗೆ ತುಂಬುತ್ತದೆ. ಹೊಗೆ ಬಂದರೆ ಅದನ್ನು ಆರಿಸಿ ಸೆಕೆಯಲ್ಲಿ ಕೂರಬೇಕು. ಸ್ಪ್ಲಿಟ್ ಏಸಿ ಇರುವ ರೂಮೇ ತೆಗೆದುಕೊಳ್ಳಿ.

ಕ್ಯಾನ್‌ಬೆರಾ ಮಕ್ಕಳಿಗೆ ತುಂಬಾ ಒಳ್ಳೆಯ ಊರು. ಕ್ವೆಸ್ಟಕಾನ್ ವಿಜ್ಞಾನ ಕೇಂದ್ರ ಒಂದರಲ್ಲೇ ದಿನ ಕಳೆಯಬಹುದು. ಸಿಡ್ನಿಯ ಹೊಗೆ ತಾಳಲಾರದೆ ಅಲ್ಲಿಗೆ ಹೋದ ನನ್ನ ಪರಿಚಯದ ಮನೆಯವರು 2020ರ ಜನವರಿ 1ರಂದು ಸಿಡ್ನಿಗಿಂತ ಕೆಟ್ಟ ಗಾಳಿ ಕುಡಿದರು. ಅವತ್ತು ಅಲ್ಲಿನ ಅಂಕಿ ಅಪಾಯದ ಮಟ್ಟದ 20 ಪಟ್ಟು ದಾಟಿತ್ತು. ಪೋರ್ಟ್ ಮಕ್ವಾರಿಯ ಕತೆಯೂ ಹಾಗೇ. ಕಡಲ ತೀರದ ಊರು, ಆದರೆ ಪಕ್ಕದ ಜೌಗು ನೆಲದ ಒಳಗೆ ಬೆಂಕಿ ತಿಂಗಳುಗಟ್ಟಲೆ ಹೊಗೆಯಾಡುತ್ತಾ ಇತ್ತು. ಇವು ಕೆಟ್ಟ ಊರುಗಳು ಅಂತಲ್ಲ. ಆ ವಾರ ಗಾಳಿ ಅವರ ಕಡೆ ಇರಲಿಲ್ಲ, ಅಷ್ಟೇ.

ವಿಮಾನದಲ್ಲಿ ದೂರ ಹೋದರೆ ಖಾತ್ರಿ ಅಂತ ಕೇಳುತ್ತಾರೆ. 2020ರ ಜನವರಿ 14ರಂದು ಮೆಲ್ಬರ್ನ್‌ನಲ್ಲಿ ಟೆನಿಸ್ ಆಟಗಾರ್ತಿಯೊಬ್ಬರು ಹೊಗೆಗೆ ಕೆಮ್ಮಿ ಕೆಮ್ಮಿ ಆಟ ಬಿಟ್ಟರು. ಆ ತಿಂಗಳು ಹೊಗೆ ಕಡಲು ದಾಟಿ ನ್ಯೂಜಿಲೆಂಡ್‌ಗೂ ಹೋಗಿ ಆಕ್ಲೆಂಡ್‌ನ ಆಕಾಶ ಕಿತ್ತಳೆ ಬಣ್ಣ ಆಗಿತ್ತು. ಶಾಲೆಗೆ ರಜೆ ಇರುವ ಆ ದಿನಗಳಲ್ಲಿ ಟಿಕೆಟ್ ದರವೂ ಆಕಾಶದಲ್ಲೇ. ನಿಮ್ಮ ಪರಿಸ್ಥಿತಿಗೆ ನಾನು ಇದನ್ನು ಹೇಳೋದಿಲ್ಲ. ಬೇರೆ ಊರಲ್ಲಿ ಅಕ್ಕನೋ ಅಣ್ಣನೋ ಇದ್ದು ಅಲ್ಲಿ ಗಾಳಿ ಚೆನ್ನಾಗಿದ್ದರೆ, ತಾಯಿ ಮಗು ಇಬ್ಬರೇ ವಾರ ಹೋಗಿ ಬರುವುದು ಬೇರೆ ಮಾತು. ನೆಂಟರ ಮನೆಯಲ್ಲಿ ಉಳಿಯಲು ಸಂಕೋಚ ಪಡುವ ಹೊತ್ತಲ್ಲ ಅದು.

ಹೊರಡುವ ದಿನದ ತಯಾರಿಗೆ ಬರೋಣ. ಮಗಳ ಆಸ್ತಮಾ ಆ್ಯಕ್ಷನ್ ಪ್ಲಾನ್, ಅಂದರೆ ಉಬ್ಬಸ ಬಂದಾಗ ಏನೇನು ಮಾಡಬೇಕು ಅನ್ನುವ ಪಟ್ಟಿ, ಬರೆಸಿಕೊಂಡಿದ್ದೀರಾ? ಇಲ್ಲದಿದ್ದರೆ ಈ ವಾರವೇ ನಿಮ್ಮ ಜಿಪಿ (ಮನೆ ಡಾಕ್ಟರು) ಹತ್ತಿರ ಹೋಗಿ. ಬೇಸಿಗೆಗೆ ಮುಂಚೆ ಪ್ರಿವೆಂಟರ್ (ಉಬ್ಬಸ ಬಾರದಂತೆ ದಿನವೂ ತೆಗೆದುಕೊಳ್ಳುವ ಔಷಧ) ಬೇಕಾ ಅಂತಲೂ ಕೇಳಿ. ಅದು ಕೆಲಸ ಶುರು ಮಾಡಲು ವಾರಗಳು ಬೇಕು, ಹೊಗೆ ಬಂದ ದಿನ ಶುರು ಮಾಡಿದರೆ ಪ್ರಯೋಜನ ಕಡಿಮೆ. ಉಬ್ಬಸ ಬಂದಾಗ ಕೊಡುವ ನೀಲಿ ಪಫರ್ ಎರಡು ಇರಲಿ, ಸ್ಪೇಸರ್ ಎರಡು ಇರಲಿ, ಒಂದು ಜೊತೆ ಕಾರಿನ ಚೀಲದಲ್ಲೇ. ಇಲ್ಲಿ ಆ ಪಫರ್ ಚೀಟಿ ಇಲ್ಲದೆಯೂ ಫಾರ್ಮಸಿಯಲ್ಲಿ ಸಿಗುತ್ತದೆ. ಉಬ್ಬಸ ಬಂದರೆ ನಾಲ್ಕರ ಲೆಕ್ಕ ನೆನಪಿಡಿ. ಮಗುವನ್ನು ನೆಟ್ಟಗೆ ಕೂರಿಸಿ, ಒಂದೊಂದೇ ಪಫ್, ಪ್ರತಿ ಪಫ್‌ಗೆ ನಾಲ್ಕು ಉಸಿರು, ಹೀಗೆ ನಾಲ್ಕು ಪಫ್. ನಾಲ್ಕು ನಿಮಿಷ ಕಾಯಿರಿ. ಸುಧಾರಿಸದಿದ್ದರೆ ಇನ್ನೂ ನಾಲ್ಕು. ಆಗಲೂ ಕಡಿಮೆ ಆಗಲಿಲ್ಲ ಅಂದರೆ 000. ಇದನ್ನು ಅತ್ತೆಯವರಿಗೂ ಕಲಿಸಿ. ಮಗು ಅವರ ಜೊತೆ ಇರುವಾಗಲೇ ಬರಬಹುದು.

ಅತ್ತೆಯವರ ವಿಷಯ ಮಗಳಷ್ಟೇ ಮುಖ್ಯ. ಹೊಗೆ ಅಂದರೆ ಜನ ಶ್ವಾಸಕೋಶ ಮಾತ್ರ ಯೋಚಿಸುತ್ತಾರೆ. ಆ ಕಣಗಳು ಹೃದಯಕ್ಕೂ ಕೆಡುಕು. ಆ ಬೇಸಿಗೆಯಲ್ಲಿ ಬೆಂಕಿಯಲ್ಲಿ ನೇರವಾಗಿ ಸತ್ತವರು 33 ಜನ. ಹೊಗೆಯಿಂದ ಆದ ಹೆಚ್ಚುವರಿ ಸಾವು ಸುಮಾರು 417 ಅಂತ ಇಲ್ಲಿನ ಸಂಶೋಧಕರು ಲೆಕ್ಕ ಹಾಕಿದರು. ಹೃದಯ, ರಕ್ತನಾಳದ ತೊಂದರೆಗೆ ಆಸ್ಪತ್ರೆ ಸೇರಿದವರೇ ಸಾವಿರಕ್ಕೂ ಜಾಸ್ತಿ. ಅತ್ತೆಗೆ ಎದೆ ಬಿಗಿತ, ಎಡಗೈ ನೋವು, ತಣ್ಣನೆ ಬೆವರು ಬಂದರೆ ಗ್ಯಾಸ್ ಇರಬೇಕು ಅಂತ ಸೋಡಾ ಕೊಟ್ಟು ಕಾಯಬೇಡಿ. ಭಾರತದಿಂದ ವಿಸಿಟರ್ ವೀಸಾದಲ್ಲಿ ಬಂದವರಿಗೆ ಮೆಡಿಕೇರ್ (ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಸಿಗೋದಿಲ್ಲ. ಅವರು ದಾವಣಗೆರೆಯಲ್ಲಿ ವಿಮೆ ಮಾಡಿಸುವಾಗ ಸ್ಟೆಂಟ್ ಇರುವುದನ್ನು ಮುಚ್ಚಿಡದೆ ಹೇಳಿ, ಮೊದಲೇ ಇದ್ದ ಕಾಯಿಲೆಗೂ ಸಲ್ಲುವ ಪಾಲಿಸಿಯನ್ನೇ ಕೊಳ್ಳಲಿ. ಮಾತ್ರೆಗಳು ಚೀಟಿ ಸಮೇತ, ಕಂಪನಿಯ ಪ್ಯಾಕ್‌ನಲ್ಲೇ ಇರಲಿ. ಹಿಂದಿರುಗುವ ದಿನಕ್ಕಿಂತ ಮೂರು ವಾರ ಜಾಸ್ತಿ ಇರಲಿ.

ಮಾಸ್ಕ್ ಬಗ್ಗೆ ಎರಡೇ ಮಾತು. ಬಟ್ಟೆಯದು, ನೀಲಿ ಸರ್ಜಿಕಲ್ ಮಾಸ್ಕ್ ಈ ಕಣಕ್ಕೆ ಸಾಲದು, ಪಿ2 ಅಥವಾ ಎನ್95 ಬೇಕು. ಅದು ಮುಖಕ್ಕೆ ಅಂಟಿ ಕೂತರೆ ಮಾತ್ರ ಕೆಲಸ ಮಾಡುತ್ತದೆ. ಐದು ವರ್ಷದ ಮುಖಕ್ಕೆ ಸರಿಯಾಗಿ ಕೂರೋದಿಲ್ಲ, ಹಾಗಾಗಿ ಮಗಳಿಗೆ ಮಾಸ್ಕ್ ಹಾಕಿ ಹೊರಗೆ ಕರೆದೊಯ್ಯುವ ಧೈರ್ಯ ಬೇಡ. ಅತ್ತೆಗೆ ಅದರಲ್ಲಿ ಉಸಿರು ಕಟ್ಟಿದಂತಾದರೆ ತೆಗೆದುಬಿಡಲಿ.

ಕಾರಿನಲ್ಲಿ ಕಿಟಕಿ ಪೂರ್ತಿ ಏರಿಸಿ, ಏಸಿಯನ್ನು ಒಳಗಿನ ಗಾಳಿ ತಿರುಗಿಸುವ ಬಟನ್‌ಗೆ ಹಾಕಿ. ಹೊಗೆ ತಿಳಿಯಾದ ಕಡೆ ಆಗಾಗ ಎರಡು ನಿಮಿಷ ಹೊರಗಿನ ಗಾಳಿ ಬಿಡಿ, ಇಲ್ಲದಿದ್ದರೆ ಓಡಿಸುವವರಿಗೆ ತೂಕಡಿಕೆ ಬರುತ್ತದೆ. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ. ಕೈಯಲ್ಲಿ 200 ಡಾಲರ್ ನೋಟು, ಹತ್ತು ಲೀಟರ್ ನೀರು, ಬ್ಯಾಟರಿ ರೇಡಿಯೊ ಇರಲಿ. ಫೋನ್ ಸತ್ತಾಗ ಸುದ್ದಿ ಸಿಗುವುದು ಇಲ್ಲಿನ ಸರ್ಕಾರಿ ಪ್ರಸಾರ ಸಂಸ್ಥೆ ಎಬಿಸಿಯ ಸ್ಥಳೀಯ ರೇಡಿಯೊದಲ್ಲಿ. ದಾರಿಯ ಜಿಲ್ಲೆಗೆ ಆ ದಿನ 'ಎಕ್ಸ್‌ಟ್ರೀಮ್' ಅಥವಾ 'ಕ್ಯಾಟಸ್ಟ್ರಾಫಿಕ್' ಅಂತ ಬೆಂಕಿ ಸೂಚನೆ ಇದ್ದರೆ ಹೊರಡಲೇಬೇಡಿ. ಬುಕ್ ಮಾಡಿದ ದುಡ್ಡು ಹೋದರೆ ಹೋಗಲಿ.

ನಿಮ್ಮ ಕೊನೆಯ ಪ್ರಶ್ನೆ, ಹೆಲೆನ್ಸ್‌ಬರ್ಗ್. ಆ ದೇವಸ್ಥಾನ ನನಗೂ ಬಹಳ ಇಷ್ಟ. ಗೋಪುರದ ಹಿಂದೆ ಹಸಿರು, ಪ್ರಾಕಾರದಲ್ಲಿ ತಣ್ಣನೆ ಗಾಳಿ, ಹೊರಗೆ ಪುಳಿಯೋಗರೆ. ಊರು ಬಿಟ್ಟು ಬಂದವರಿಗೆ ಅಲ್ಲಿ ಒಂದು ಗಂಟೆ ಕೂತರೆ ಸಮಾಧಾನ. ಆದರೆ ಆ ಹಸಿರೆಲ್ಲ ಕಾಡು. ರಾಯಲ್ ನ್ಯಾಷನಲ್ ಪಾರ್ಕ್ ಪಕ್ಕದಲ್ಲೇ ಇದೆ. 2001ರ ಕ್ರಿಸ್‌ಮಸ್ ಹೊತ್ತಿನಲ್ಲಿ ಬೆಂಕಿ ಆ ಊರಿಗೇ ಬಂದಿತ್ತು. ಹೊಗೆ ತಪ್ಪಿಸಿಕೊಳ್ಳಲು ಹೋಗುವ ಜಾಗ ಅದಲ್ಲ. ಅತ್ತೆಯವರು ಬಂದ ಮೊದಲ ಎರಡು ವಾರದಲ್ಲಿ, ಹಿಂದಿನ ದಿನ ಮಳೆಯಾಗಿ ಗಾಳಿ ದಕ್ಷಿಣದಿಂದ ಬೀಸುತ್ತಿರುವ ಒಂದು ಬೆಳಿಗ್ಗೆ ನೋಡಿ ಕರೆದುಕೊಂಡು ಹೋಗಿ. ಒಂದು ಗಂಟೆಯ ದಾರಿ. ಬೇಗ ಹೊರಟರೆ ಬೆಳಗಿನ ಪೂಜೆಗೆ ಸಿಗುತ್ತೀರಿ, ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಮಗಳ ಪಫರ್ ಮರೆಯಬೇಡಿ.